ಭೂರಿಶ್ರವನ ಹೆಸರಿನವನು

ಪ್ರೀತಿಯ ಮಾರಾಯಾ,

ಚೆಕ್ ದೇಶದ ಬ್ರನೋಗೆ ಬಂದ ಹೊಸತರಲ್ಲಿ ಎರಡು ವಾರ ಪೆದ್ದನಾದ ಕತೆ ಮೊದಲು ಕೇಳು. ನಮ್ಮ ಆಫೀಸಿನಲ್ಲಿ ಮೇಲ್ ಕಳಿಸುವವನು ವಾತ್ಸ್ಲಾವ್, ಕಾಫಿಗೆ ಕರೆಯುವವನು ವಾಶೆಕ್. ಇಬ್ಬರು ಅಂದುಕೊಂಡಿದ್ದೆ. "ಆ ವಾತ್ಸ್ಲಾವ್ ಉತ್ತರವನ್ನೇ ಕೊಡುವುದಿಲ್ಲ" ಅಂತ ಒಂದು ದಿನ ವಾಶೆಕ್‌ನ ಹತ್ತಿರವೇ ದೂರಿದೆ. ಅವನು ಕಪ್ಪು ಕೆಳಗಿಟ್ಟು ನಗತೊಡಗಿದ.

ವೆಂಕಟರಮಣ ನಮ್ಮಲ್ಲಿ ವೆಂಕಿ ಆದ ಹಾಗೆ ಅಷ್ಟೆ. ಎದುರಿಗೆ ಕರೆಯುವಾಗ ಅದೂ ಬದಲಾಗಿ "ವಾಶ್ಕು!" ಆಗುತ್ತದೆ. ಶಾಲೆಯಲ್ಲಿ ಪೆಟ್ಟು ತಿಂದು ಕಲಿತ ಸಂಬೋಧನಾ ವಿಭಕ್ತಿ ಇಲ್ಲಿ ಉಪಯೋಗಕ್ಕೆ ಬಂತು ನೋಡು. ರಷ್ಯನ್ನರಿಗೆ ಇವನೇ ವ್ಯಾಚೆಸ್ಲಾವ್, ಜರ್ಮನ್ನರಿಗೆ ವೆಂಟ್ಸೆಲ್, ಲ್ಯಾಟಿನ್ನಿನಲ್ಲಿ ವೆನ್ಸೆಸ್ಲಾಸ್. ಚೆಕ್, ರಷ್ಯನ್ ಭಾಷೆಗಳ ಮೂಲವಾದ ಹಳೆಯ ಸ್ಲಾವಿಕ್‌ನಲ್ಲಿ ಮೊದಲ ಸ್ವರ ಮೂಗಿನಲ್ಲಿ ಬರುತ್ತಿತ್ತು. ಚೆಕ್ಕರೂ ರಷ್ಯನ್ನರೂ ಅದನ್ನು ಬಿಟ್ಟರು, ಲ್ಯಾಟಿನ್ನೂ ಜರ್ಮನ್ನೂ 'ನ'ಕಾರವಾಗಿ ಹಿಡಿದುಕೊಂಡವು.

ನಿನಗೆ ಬರೆಯಲು ಕೂತದ್ದು ಇದರ ಅರ್ಥಕ್ಕಾಗಿ. ಮೊದಲ ಭಾಗಕ್ಕೆ 'ಹೆಚ್ಚು' ಅಂತ, 'ಸ್ಲಾವ'ಕ್ಕೆ ಕೀರ್ತಿ ಅಂತ. ಈ ಸ್ಲಾವ, ಸಂಸ್ಕೃತದ ಶ್ರವಸ್, ನಮ್ಮ ಶ್ರುತಿ, ಶ್ರವಣ ಎಲ್ಲ ಒಂದೇ ಬೇರಿನವು. ಹೆಚ್ಚು ಕೀರ್ತಿಯವನು ಅಂದರೆ ಯಾರು? ಭೂರಿ, ಶ್ರವಸ್. ಊರಿನ ತಾಳಮದ್ದಳೆಯಲ್ಲಿ ಮಹಾಭಾರತದ ಭೂರಿಶ್ರವನ ಅರ್ಥ ಹೇಳಿದವ ನೀನು, ಈ ಅರ್ಥ ಗೊತ್ತಿತ್ತಾ?

ಇವರ ವಾತ್ಸ್ಲಾವ್ 10ನೇ ಶತಮಾನದಲ್ಲಿ ಬೊಹೀಮಿಯವನ್ನು, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗವನ್ನು, ಆಳಿದವನು. ಪ್ರಾಗ್‌ನ ದೊಡ್ಡ ಚೌಕದಲ್ಲಿ ಕುದುರೆಯೇರಿ ನಿಂತಿದ್ದಾನೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಜನ ಸೇರಿದ್ದು ಅಲ್ಲೇ, ಆಮೇಲೆ ಅಧ್ಯಕ್ಷನಾದ ಹಾವೆಲ್‌ನ ಹೆಸರೂ ಇದೇ. ಆ ಅರಸನನ್ನು ತಮ್ಮನೇ ಊಟಕ್ಕೆ ಕರೆದು, ಮರುದಿನ ಬೆಳಗಿನ ಪ್ರಾರ್ಥನೆಗೆ ಹೊರಟಾಗ ಚರ್ಚಿನ ಬಾಗಿಲಲ್ಲಿ ಕೊಲ್ಲಿಸಿದ. ತಮ್ಮನ ಹೆಸರು ಬೋಲೆಸ್ಲಾವ್. ಅದಕ್ಕೂ ಹೆಚ್ಚು ಕಡಿಮೆ ಅದೇ ಅರ್ಥ! ಒಂದೇ ಮನೆಯಲ್ಲಿ ಎರಡು ಭೂರಿಶ್ರವ ಹಿಡಿಸಲಿಲ್ಲವೋ ಏನೋ.

ಅರಸ ವಾತ್ಸ್ಲಾವ್ ಸತ್ತ ಸೆಪ್ಟೆಂಬರ್ 28 ಇಲ್ಲಿ ಸರಕಾರಿ ರಜೆ, ಆ ಹೆಸರಿನವರಿಗೆಲ್ಲ ಹೆಸರಿನ ಹಬ್ಬ. ಮೊನ್ನೆ ವಾಶೆಕ್‌ಗೆ ಚಾಕಲೇಟು ಕೊಟ್ಟು, ಮಹಾಭಾರತದಲ್ಲೂ ನೀನಿದ್ದೀಯ ಅಂದೆ. ಅವನಿಗೆ ಖುಷಿಯೋ ಖುಷಿ.

"ಅವನು ಹೇಗೆ ಸತ್ತ?" ಅಂತ ಕೇಳಿದ.

ಅರ್ಜುನ ಕೈ ಕತ್ತರಿಸಿದ ಮೇಲೆ ಆಯುಧ ಬಿಟ್ಟು ಧ್ಯಾನಕ್ಕೆ ಕೂತಿದ್ದ, ಸಾತ್ಯಕಿ ಬಂದು ತಲೆ ತೆಗೆದ ಅಂತ ಹೇಳಿದೆ. ವಾಶೆಕ್ ಚಾಕಲೇಟಿನ ಡಬ್ಬಿ ಮುಚ್ಚಿಟ್ಟ.

ನಿನ್ನವ