ಆಲೋರ್‌ನಲ್ಲಿ ಹತ್ತಿ, ಬಾಜೊದಲ್ಲಿ ಇಳಿಯಿರಿ

ಲಬುವಾನ್ ಬಾಜೊ, ಫ್ಲೋರೆಸ್ ದ್ವೀಪ, ಇಂಡೋನೇಷ್ಯಾ
ಜೂನ್ 14

ಪ್ರೀತಿಯ ಅಕ್ಕನಿಗೆ, ಭಾವನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ನೀವು ಕಳಿಸಿದ, ಸೆಪ್ಟೆಂಬರ್‌ನ ಹನ್ನೊಂದು ದಿನದ ದೋಣಿ ಪ್ರವಾಸದ ಪಟ್ಟಿ ನೋಡಿದೆ. ಊರುಗಳೆಲ್ಲ ಸರಿಯಾಗಿವೆ, ದಿಕ್ಕು ಮಾತ್ರ ಉಲ್ಟಾ. ಇಲ್ಲಿ ಬಾಜೊದಲ್ಲಿ ಹತ್ತಿ ಪೂರ್ವದ ಆಲೋರ್ ದ್ವೀಪದಲ್ಲಿ ಇಳಿಯುವುದು ಅಂತ ಇದೆ. ದುಡ್ಡು ಕಟ್ಟುವ ಮೊದಲು ಅದನ್ನು ತಿರುಗಿಸಿ ಕೊಡಿ ಅಂತ ಕೇಳಿ.

ಕಾರಣ ಗಾಳಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಆಗ್ನೇಯದ ಒಣಗಾಳಿ. ಬಾಜೊದಿಂದ ಆಲೋರ್‌ಗೆ ನೇರ ಲೆಕ್ಕದಲ್ಲೇ ಸುಮಾರು 280 ನಾಟಿಕಲ್ ಮೈಲಿ, ಅದೂ ಪೂರ್ವಕ್ಕೆ. ಅಂದರೆ ಅಷ್ಟು ದೂರವೂ ಗಾಳಿಗೆ ಮುಖ ಕೊಟ್ಟು ಹೋಗಬೇಕು. ಹಾಯಿಯನ್ನು ಸುತ್ತಿಟ್ಟು, ರಾತ್ರಿ ಗಾಳಿ ತಣ್ಣಗಾದಾಗ ಎಂಜಿನ್ ಹಾಕಿಕೊಂಡು ಓಡುತ್ತಾರೆ. ನಿದ್ದೆಯೂ ಇಲ್ಲ, ಹಾಯಿಯೂ ಇಲ್ಲ. ಆಲೋರ್‌ನಿಂದ ಪಶ್ಚಿಮಕ್ಕೆ ಬಂದರೆ ಅದೇ ಗಾಳಿ ಎಡ ಹಿಂಬದಿಯಿಂದ ತಳ್ಳುತ್ತದೆ. ಆಗಲೂ ಅರ್ಧಕ್ಕಿಂತ ಹೆಚ್ಚು ದಾರಿ ಎಂಜಿನ್ನೇ, ಸುಳ್ಳು ಹೇಳುವುದಿಲ್ಲ. ಫ್ಲೋರೆಸ್‌ನ ಉತ್ತರ ಕರಾವಳಿಗೆ ಗುಡ್ಡಗಳ ಮರೆ ಇದೆ, ಮರೆಯಲ್ಲಿ ಗಾಳಿ ಸತ್ತೇ ಹೋಗುತ್ತದೆ. ಆದರೆ ಎರಡು ದ್ವೀಪಗಳ ನಡುವಿನ ಕಿಂಡಿಗಳಲ್ಲಿ ಹಾಯಿ ತುಂಬುವುದನ್ನು ನೋಡಬಹುದು.

ಇನ್ನೊಂದು ಕಾರಣ ವಿಮಾನ. ಆಲೋರ್‌ಗೆ ತಿಮೋರ್ ದ್ವೀಪದ ಕುಪಾಂಗ್‌ನಿಂದ ಸಣ್ಣ ಪ್ರೊಪೆಲ್ಲರ್ ವಿಮಾನ ಹೋಗುತ್ತದೆ, ಅದು ರದ್ದಾಗುವುದು ಹೊಸದಲ್ಲ. ಪ್ರವಾಸದ ಮೊದಲಲ್ಲಿ ರದ್ದಾದರೆ ಕುಪಾಂಗ್‌ನಲ್ಲಿ ಒಂದು ರಾತ್ರಿ ಹೆಚ್ಚು ಉಳಿದರಾಯಿತು. ಕೊನೆಯಲ್ಲಿ ರದ್ದಾದರೆ ಬಾಲಿಯಿಂದ ಬೆಂಗಳೂರಿನ ವಿಮಾನವೂ ಹೋಯಿತು. ಗಟ್ಟಿ ಸೂಟ್‌ಕೇಸ್ ಬೇಡ. ವಿಮಾನದಲ್ಲಿ ತೂಕದ ಮಿತಿ ಕಡಿಮೆ, ದೋಣಿಯ ಕ್ಯಾಬಿನ್‌ನಲ್ಲಿ ಇಡಲು ಜಾಗವೂ ಇಲ್ಲ. ಮಡಚುವ ಬಟ್ಟೆ ಬ್ಯಾಗ್ ತನ್ನಿ. ವಿಮೆ ತೆಗೆಯುವಾಗ ಜ್ವಾಲಾಮುಖಿ ಬೂದಿಯಿಂದ ವಿಮಾನ ನಿಂತರೆ ಹಣ ಬರುತ್ತದೆಯೇ ಅಂತ ನೋಡಿ. 2024ರ ನವೆಂಬರ್‌ನಲ್ಲಿ ಫ್ಲೋರೆಸ್‌ನ ಲೆವೊಟೊಬಿ ಉಗುಳಿದ ಬೂದಿಗೆ ಬಾಲಿಯವರೆಗೂ ವಿಮಾನಗಳು ನಿಂತಿದ್ದವು.

ಈಗ ಭಾವನವರಿಗೆ. ಫಿನಿಸಿ ಅಂದರೆ ಏನು ಅಂತ ಕೇಳಿದ್ದಿರಿ. ಸರಿಯಾಗಿ ಹೇಳಬೇಕೆಂದರೆ ಅದು ದೋಣಿಯ ಹೆಸರಲ್ಲ, ಹಾಯಿ ಕಟ್ಟುವ ಕ್ರಮದ ಹೆಸರು: ಎರಡು ಕೂವೆಕಂಬ, ಏಳು ಹಾಯಿ. ಮೂಗಿನ ಕಡೆ ಮೂರು, ಕೂವೆಗೊಂದರಂತೆ ದೊಡ್ಡವು ಎರಡು, ಅವುಗಳ ತಲೆಯ ಮೇಲೆ ಚಿಕ್ಕವು ಎರಡು. ಈಗ ಮರದ ಇಡೀ ಹಡಗಿಗೇ ಆ ಹೆಸರು ಬಂದುಬಿಟ್ಟಿದೆ. ಕಟ್ಟುವವರು ದಕ್ಷಿಣ ಸುಲಾವೆಸಿಯ ಬುಲುಕುಂಬಾ ಕಡೆಯ ಕೊಂಜೊ ಜನ, ತಾನಾ ಬೆರು ಎಂಬ ಊರಿನ ಮರಳಿನ ಮೇಲೆ. 2017ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿ ನೋಡಿದ ನಿಮಗೆ ಇದು ಪೂರ್ತಿ ಅಪರಿಚಿತ ಅನ್ನಿಸಲಾರದು. ಇಲ್ಲಿಯ ವಿಶೇಷವೆಂದರೆ ಮೊದಲು ಪಕ್ಕೆಲುಬು ನಿಲ್ಲಿಸುವುದಿಲ್ಲ. ಹಲಗೆಯ ಅಂಚಿಗೆ ಹಲಗೆಯ ಅಂಚು ಕೂರಿಸಿ, ಮರದ ಮೊಳೆ ಬಡಿದು, ಹೊರಮೈಯನ್ನೇ ಮೊದಲು ಎಬ್ಬಿಸುತ್ತಾರೆ. ಪಕ್ಕೆಲುಬು ಒಳಗೆ ಸೇರುವುದು ಆಮೇಲೆ. ನಕ್ಷೆ ಮೇಸ್ತ್ರಿಯ ತಲೆಯಲ್ಲಿರುತ್ತದೆ.

ಹೆಸರಿನ ಮುಂದೆ ಕೆ.ಎಲ್.ಎಂ. ಅಂತ ಇದ್ದರೆ ‘ಕಪಾಲ್ ಲಾಯಾರ್ ಮೋಟಾರ್’, ಹಾಯಿಯೂ ಎಂಜಿನ್ನೂ ಇರುವ ಹಡಗು. ಆದರೆ ಬಾಜೊದ ಬಂದರಿನಲ್ಲಿ ನಿಂತ ಬಹಳಷ್ಟು ಹಡಗುಗಳ ಹಾಯಿ ಫೋಟೊಕ್ಕಷ್ಟೇ ಬಿಚ್ಚುವಂಥದ್ದು. ಅದಕ್ಕಿಂತ ಚಿಂತೆಯ ವಿಷಯ ಬೇರೆ ಇದೆ. ಕ್ಯಾಬಿನ್ ಹೆಚ್ಚು ಮಾಡಲು ಮೇಲೊಂದು ಅಂತಸ್ತು, ಅದರ ಮೇಲೊಂದು ಬಿಸಿಲುಕಟ್ಟೆ ಏರಿಸುತ್ತಾರೆ. ತಲೆಭಾರವಾದ ಹಡಗು ಅಡ್ಡ ಅಲೆಗೆ ವಾಲಿದರೆ ನೆಟ್ಟಗಾಗಲು ತಡವಾಗುತ್ತದೆ. ಹಾಗಾಗಿ ಕಂಪನಿಯವರಿಗೆ ಬರೆಯುವಾಗ ಹಾಸಿಗೆಯ ಅಗಲ ಕೇಳುವ ಮೊದಲು ಇವನ್ನು ಕೇಳಿ: ಕೆಳಗಿನ ಕ್ಯಾಬಿನ್‌ನಿಂದ ಹೊರಬರಲು ಎರಡನೇ ದಾರಿ ಇದೆಯೇ? ರಾತ್ರಿ ಎಲ್ಲರೂ ಮಲಗಿದಾಗ ಕಾವಲಿಗೆ ಒಬ್ಬ ಎದ್ದಿರುತ್ತಾನೆಯೇ? ತಾನಾಗಿ ಉಬ್ಬುವ ಲೈಫ್‌ರಾಫ್ಟ್ ಎಷ್ಟು ಜನಕ್ಕೆ? ಮರದ ಹಡಗಿಗೆ ಬೆಂಕಿಯ ಭಯವೂ ದೊಡ್ಡದು. ಜನರೇಟರ್ ಕೋಣೆಯ ಹಳೇ ವೈರು, ಕ್ಯಾಬಿನ್‌ನಲ್ಲಿ ರಾತ್ರಿಯಿಡೀ ಚಾರ್ಜ್‌ಗಿಟ್ಟ ಬ್ಯಾಟರಿ, ಶುರುವಾಗುವುದು ಅಲ್ಲಿಂದ. ಫೋನು, ಕ್ಯಾಮೆರಾ ಹಗಲು ಹೊತ್ತಿನಲ್ಲಿ, ಕಣ್ಣೆದುರಿಗೇ ಚಾರ್ಜ್ ಮಾಡಿ. ಬೆಳಿಗ್ಗೆ ಸಂಜೆ ಡೆಕ್ಕಿನ ಮೇಲೆ ಸಮುದ್ರದ ನೀರು ಸುರಿಯುವುದನ್ನು ನೋಡಿ ತೊಳೆಯುತ್ತಿದ್ದಾರೆ ಅಂದುಕೊಳ್ಳಬೇಡಿ. ಬಿಸಿಲಿಗೆ ಹಲಗೆ ಒಣಗಿ ಸಂದಿ ಬಿಡದಿರಲಿ ಅಂತ ಅದು.

ಕ್ಯಾಪ್ಟನ್ನನ್ನು ಇಲ್ಲಿ ನಾಖೋಡಾ ಅನ್ನುತ್ತಾರೆ, ನಮ್ಮ ಭಟ್ಕಳದ ಕಡೆಯ ನಾಖುದಾ. ಬಂದರಿನ ಅಧಿಕಾರಿ ಶಾಬಂದರ್. ಹವಾಮಾನ ನೋಡಿ ಅವರು ಬಿಡುವ ಚೀಟಿ ಇಲ್ಲದೆ ಹಗ್ಗ ಬಿಚ್ಚುವಂತಿಲ್ಲ. ಅವರು ಬೇಡ ಅಂದ ದಿನ ನಾಖೋಡಾನ ಜೊತೆ ವಾದಕ್ಕೆ ನಿಲ್ಲಬೇಡಿ.

ಆಲೋರ್‌ನಲ್ಲಿ ತಕ್ಪಾಲಾಕ್ಕೆ ಹೋಗಿ. ಅಬುಯಿ ಜನರ ಗುಡ್ಡದ ಊರು, ಕಂಬದ ಮೇಲೆ ನಿಂತ ಹುಲ್ಲು ಮಾಡಿನ ಮನೆಗಳು. ಒಲೆಯ ಮೇಲಿನ ಅಟ್ಟದಲ್ಲಿ ಜೋಳದ ತೆನೆ ಇಡುತ್ತಾರೆ, ಹೊಗೆ ತಾಗಿ ಹುಳ ಹಿಡಿಯುವುದಿಲ್ಲ. ಅಮ್ಮನಿಗೆ ವಿವರಿಸುವ ಅಗತ್ಯವೇ ಬೀಳಲಿಕ್ಕಿಲ್ಲ. ಮೊಕೊ ಎಂಬ ಕಂಚಿನ ನಡುಸಣ್ಣ ನಗಾರಿ ತೋರಿಸುತ್ತಾರೆ, ಮದುವೆಯಲ್ಲಿ ಹುಡುಗಿಯ ಮನೆಗೆ ಕೊಡುವ ಕನ್ಯಾಶುಲ್ಕ ಅದು. ಬಡಿದು ನೋಡುವ ಮೊದಲು ಕೇಳಿ. ಲೆಗೊ-ಲೆಗೊ ಕುಣಿತದಲ್ಲಿ ಸೊಂಟಕ್ಕೆ ಕೈ ಸುತ್ತಿ ವೃತ್ತವಾಗಿ ತಿರುಗುತ್ತಾರೆ, ಹೆಂಗಸರ ಕಾಲಿನ ಹಿತ್ತಾಳೆ ಬಳೆಗಳೇ ತಾಳ. ಕೈ ಹಿಡಿದು ಕರೆದರೆ ಸೇರಿಕೊಳ್ಳಿ.

ಅತಿಥಿಗೆ ಮೊದಲು ಬರುವುದು ಸಿರಿಹ್-ಪಿನಾಂಗ್, ಅಂದರೆ ನಮ್ಮ ಎಲೆಅಡಿಕೆ. ಆದರೆ ತಟ್ಟೆಯಲ್ಲಿ ಎಲೆ ಹುಡುಕಬೇಡಿ. ಇಲ್ಲಿ ವೀಳ್ಯದ ಬಳ್ಳಿಯ ಕಾಯಿ ತಿನ್ನುತ್ತಾರೆ, ಹಿಪ್ಪಲಿಯ ಹಾಗೆ ಉದ್ದನೆಯ ಹಸಿರು ಕಡ್ಡಿ. ಮೊದಲು ಅಡಿಕೆ ಬಾಯಿಗೆ ಹಾಕಿ ಅಗಿದು, ಕಡ್ಡಿಯ ತುದಿಯನ್ನು ಸುಣ್ಣದ ಪುಡಿಗೆ ತಾಗಿಸಿ ಕಚ್ಚಬೇಕು. ಸುಣ್ಣ ಹವಳ, ಚಿಪ್ಪು ಸುಟ್ಟ ಒಣಪುಡಿ, ನಮ್ಮ ಡಬ್ಬಿಯ ಸುಣ್ಣದಂತೆ ತೇವದ್ದಲ್ಲ. ಹೆಚ್ಚು ತಾಗಿದರೆ ನಾಲಿಗೆ ಸುಡುತ್ತದೆ. ಅಮ್ಮ ಹಳೇ ಅಂದಾಜಿನಲ್ಲಿ ಹಚ್ಚಿಕೊಳ್ಳದಿರಲಿ.

ಲೆಂಬಾಟಾ ದ್ವೀಪದ ಲಮಲೆರಾ ಊರು ಪಟ್ಟಿಯಲ್ಲಿದೆ. ಅಲ್ಲಿಯವರು ಕೈಯ ಈಟಿಯಿಂದ ಸ್ಪರ್ಮ್ ತಿಮಿಂಗಿಲ ಹೊಡೆಯುವವರು. ಮೇ ತಿಂಗಳಲ್ಲಿ ಚರ್ಚಿನ ಪೂಜೆಯಾದ ಮೇಲೆ ಋತು ಶುರು. ದೋಣಿಯ ಮೂತಿಯ ಬಿದಿರು ಅಟ್ಟಣೆಯಿಂದ ಲಮಾಫಾ, ಅಂದರೆ ಈಟಿಗಾರ, ಈಟಿಯ ಸಮೇತ ಹಾರುತ್ತಾನೆ, ಮಾಂಸ ಮನೆಮನೆಗೆ ಪಾಲಾಗುತ್ತದೆ, ಒಣಗಿಸಿದ್ದನ್ನು ಗುಡ್ಡದವರ ಜೋಳ, ಬಾಳೆಕಾಯಿಗೆ ವುಲಾಂಡೋನಿ ಸಂತೆಯಲ್ಲಿ ಬದಲಿಸಿಕೊಳ್ಳುತ್ತಾರೆ. ಅಮ್ಮ ಅಲ್ಲಿಗೆ ಹೋಗದಿರುವುದೇ ಒಳ್ಳೆಯದು. ದಡದಲ್ಲಿ ಒಣಗುವ ಮಾಂಸದ ವಾಸನೆ ತಡೆಯುವುದು ಕಷ್ಟ. ಊರು ದಕ್ಷಿಣ ಕರಾವಳಿಯಲ್ಲಿರುವುದರಿಂದ ಸೆಪ್ಟೆಂಬರ್ ಅಲೆಗೆ ದಡ ಸೇರುವುದೂ ಸುಲಭವಲ್ಲ. ಉತ್ತರದ ಲೆವೊಲೆಬಾದಲ್ಲಿ ಲಂಗರು ಹಾಕಿ ರಸ್ತೆಯಲ್ಲಿ ಹೋಗಿ ಬರುವುದು ಮೇಲು.

ಅಕ್ಕ, ನಿನ್ನ ಬಟ್ಟೆಯ ಹುಚ್ಚಿಗೆ ಮೌಮೆರೆ ಕಡೆಯ ಇಕಾತ್. ನೇಯುವ ಮೊದಲೇ ನೂಲನ್ನು ತಾಳೆ ಜಾತಿಯ ಗರಿಯ ಎಳೆಯಿಂದ ಬಿಗಿದು ಬಣ್ಣಕ್ಕೆ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಅದೇ ಚಿತ್ರವಾಗುತ್ತದೆ. ನೀಲಿ ನೀಲಿಗಿಡದ್ದು, ಕೆಂಪು ನೋನಿ ಬೇರಿನದು. ಗುಜರಾತಿನ ಪಟೋಲಾ ಸೀರೆ ಹಿಂದೆ ವ್ಯಾಪಾರದಲ್ಲಿ ಇಲ್ಲಿಗೆ ಬಂದು, ಅದರ ನಕಾಶೆ ಇವರ ಮಗ್ಗಕ್ಕೆ ಇಳಿದಿದೆ. ಬಟ್ಟೆಯನ್ನು ತಿರುವಿ ನೋಡು: ಎರಡೂ ಕಡೆ ಚಿತ್ರ ಒಂದೇ ಗಾಢ ಇರಬೇಕು, ಅಂಚು ಸ್ವಲ್ಪ ಕದಡಿದಂತಿರಬೇಕು. ಹಿಂಬದಿ ಮಸುಕಾಗಿದ್ದರೆ ಅದು ಅಚ್ಚು.

ಕೊನೆಗೆ ಕೊಮೊಡೊ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1991ರಲ್ಲಿ ವಿಶ್ವ ಪರಂಪರೆ. ಅಲ್ಲಿಯ ಕೊಮೊಡೊ ಡ್ರ್ಯಾಗನ್ ನಮ್ಮ ಉಡದ ಜಾತಿಯೇ, ಆದರೆ ಮೂರು ಮೀಟರ್‌ವರೆಗೆ ಉದ್ದ, ಎಪ್ಪತ್ತು ಕಿಲೊ ಆಸುಪಾಸು. ಕಚ್ಚಿದರೆ ವಿಷವೂ ಉಂಟು. ಬೆಳಿಗ್ಗೆ ಒಂಬತ್ತರೊಳಗೆ ದಡಕ್ಕೆ ಇಳಿಯಿರಿ, ಬಿಸಿಲೇರಿದರೆ ನೆರಳಲ್ಲಿ ಮರದ ದಿಮ್ಮಿಯ ಹಾಗೆ ಬಿದ್ದಿರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಹೆಣ್ಣು ಮೊಟ್ಟೆಯಿಟ್ಟು ಗುಂಡಿ ಕಾಯುತ್ತಿರುತ್ತದೆ, ಆಗ ಸಿಟ್ಟು ಜಾಸ್ತಿ. ಕವೆಗೋಲು ಹಿಡಿದ ರೇಂಜರ್‌ಗಿಂತ ಮುಂದೆ ಹೋಗಬೇಡಿ, ಕೈಚೀಲ ಜೋತಾಡಿಸಬೇಡಿ. ಗಾಯವಾಗಿದ್ದರೆ ಅಥವಾ ಮುಟ್ಟಾಗಿದ್ದರೆ ರೇಂಜರ್‌ಗೆ ಮೊದಲೇ ಹೇಳಬೇಕು. ಅದು ಮಡಿಮೈಲಿಗೆಯ ಮಾತಲ್ಲ, ಈ ಪ್ರಾಣಿ ರಕ್ತದ ವಾಸನೆಯನ್ನು ಬಹಳ ದೂರದಿಂದ ನಾಲಿಗೆಯಲ್ಲಿ ಹಿಡಿಯುತ್ತದೆ. ಊರಿನವರ ಕಥೆಯಲ್ಲಿ ಪುತ್ರಿ ನಾಗಾ ಎಂಬವಳು ಅವಳಿ ಹೆತ್ತಳು, ಒಂದು ಮನುಷ್ಯ, ಇನ್ನೊಂದು ಇದು. ನಾಗಬನಕ್ಕೆ ಕೈ ಮುಗಿಯುವ ಅಮ್ಮನಿಗೆ ಈ ಕಥೆ ಹೇಳಿ ಕರೆತನ್ನಿ.

ಪಾರ್ಕಿನ ಟಿಕೆಟ್, ರೇಂಜರ್ ಹಣ ಬಹಳ ಸಲ ದೋಣಿಯ ದರದಲ್ಲಿ ಸೇರಿರುವುದಿಲ್ಲ. ದರ ಆಗಾಗ ಬದಲಾಗುತ್ತದೆ, ಬರವಣಿಗೆಯಲ್ಲಿ ಕೇಳಿ.

ಸ್ನಾರ್ಕೆಲ್ ಮಾಡುವ ದಿನಗಳನ್ನು ಪಂಚಾಂಗ ನೋಡಿ ಆರಿಸಿ. ಪೆಸಿಫಿಕ್‌ನ ನೀರು ಹಿಂದೂ ಮಹಾಸಾಗರಕ್ಕೆ ಸಾಗುವ ದಾರಿಗಳಲ್ಲಿ ಈ ದ್ವೀಪಗಳ ನಡುವಿನ ಸಂದಿಗಳೂ ಸೇರಿವೆ, ಜೊತೆಗೆ ಭರತ-ಇಳಿತ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಹೊಳೆಯ ಹಾಗೆ ಓಡುತ್ತದೆ. ಅಷ್ಟಮಿ ಕಳೆದ ಒಂದೆರಡು ದಿನ ಮೆದು. ಸೆಳೆತಕ್ಕೆ ಎದುರಾಗಿ ಈಜುವವರೇ ಸುಸ್ತಾಗಿ ತೊಂದರೆಗೆ ಬೀಳುವುದು. ಸಣ್ಣ ದೋಣಿ ಮೇಲ್ಗಡೆ ಬಿಟ್ಟು ಕೆಳಗಡೆ ಎತ್ತಿಕೊಳ್ಳಬೇಕು, ನೀವು ಸುಮ್ಮನೆ ತೇಲಿ. ಸಂಜೆ ಕಲೊಂಗ್ ದ್ವೀಪದ ಮುಂದೆ ಲಂಗರು ಹಾಕಿಸಿ. ಕತ್ತಲಾಗುವಾಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಿಂದ ಸಾವಿರಗಟ್ಟಲೆ ಬಾವಲಿ ಎದ್ದು ಫ್ಲೋರೆಸ್ ಕಡೆ ಹಣ್ಣಿಗೆ ಹಾರುತ್ತವೆ.

ಅಮ್ಮನ ಊಟಕ್ಕೆ ಅಡುಗೆಯವನಿಗೆ ‘ಮೀನು ಬೇಡ’ ಅಂದರೆ ಸಾಲದು. ಸಂಬಾಲ್ ಎಂಬ ಖಾರದ ಚಟ್ನಿಗೆ ತೆರಾಸಿ, ಅಂದರೆ ಸೀಗಡಿ ಹುಳಿಸಿದ ಮುದ್ದೆ, ಹಾಕಿರುತ್ತಾನೆ, ಪಲ್ಯಕ್ಕೆ ಒಣ ಸೀಗಡಿ. ‘ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ಉದಾಂಗ್, ತನ್ಪಾ ತೆರಾಸಿ’ (ಮಾಂಸ, ಮೀನು, ಸೀಗಡಿ, ತೆರಾಸಿ ಇಲ್ಲದೆ) ಅಂತ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಸೋಯಾದ ಟೆಂಪೆ, ತೋಫು, ಜೊತೆಗೆ ತೆಂಗಿನ ಹಾಲು ಧಾರಾಳ. ಅವಲಕ್ಕಿ, ಚಟ್ನಿಪುಡಿ ಇರಲಿ. ವಾಂತಿಯ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲು ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿದರೆ ಅದೂ ಹೊರಗೇ. ಅಮ್ಮನಿಗೆ ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ, ಅಲ್ಲಿ ತೂಗಾಟ ಕಡಿಮೆ. ಈ ದ್ವೀಪಗಳಲ್ಲಿ ಮಲೇರಿಯಾ ಇದೆ, ಡಾಕ್ಟರ್ ಹತ್ತಿರ ಮಾತ್ರೆ ಕೇಳಿಕೊಂಡೇ ಹೊರಡಿ.

ಮೂವರ ಪಾಸ್‌ಪೋರ್ಟ್‌ನ ಮೊದಲ ಪುಟದ ಫೋಟೊ ಈ ವಾರವೇ ಕಳಿಸಿ. ಶಾಬಂದರ್‌ಗೆ ಕೊಡುವ ಪಟ್ಟಿಯಲ್ಲಿ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. ಅಮ್ಮನದರಲ್ಲಿ ಅಪ್ಪನ ಹೆಸರು ಸೇರಿದೆಯೋ ಇಲ್ಲವೋ, ನೋಡಿ ಹೇಳಿ.

ಇಂತಿ ನಿಮ್ಮ,
ತಮ್ಮ