ಪುಟ್ಟಿ ಚುನಾವಣೆಗೆ ನಿಲ್ಲುವ ವಿಚಾರ

ಹ್ಯಾರೋ, ಲಂಡನ್

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿ ಇಲ್ಲಿಯ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತದ ಚುನಾವಣೆಗೆ ನಿಲ್ಲುತ್ತೇನೆ ಅಂದದ್ದಕ್ಕೆ ನೀವು ಗಾಬರಿಯಿಂದ ಬರೆದ ಕಾಗದ ತಲುಪಿತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಿಲ್ಲಬಹುದೇ, ದುಡ್ಡು ಎಷ್ಟು ಹೋಗುತ್ತದೆ, ಮುಂದೆ ಮೇಯರ್ ಆದರೆ ಊರೆಲ್ಲ ಅವಳ ಕೈಗೆ ಬರುತ್ತದೆಯೇ ಎಂದು ಕೇಳಿದ್ದೀರಿ. ತಾಲ್ಲೂಕು ಕಚೇರಿಯಲ್ಲಿ ಕಡತ ನೋಡಿ ಪಳಗಿದವರು ನೀವು. ಅದಕ್ಕೇ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಲ್ಲಬಹುದು. ಭಾರತವೂ ಸೇರಿರುವ ಕಾಮನ್‌ವೆಲ್ತ್ ಒಕ್ಕೂಟದ ದೇಶದವರಿಗೆ ಇಲ್ಲಿ ಆ ಹಕ್ಕಿದೆ. ಪುಟ್ಟಿಗೆ ಕಾಯಂ ವಾಸದ ಪರವಾನಗಿ ಇರುವುದರಿಂದ ತೊಂದರೆಯಿಲ್ಲ. ವಯಸ್ಸು 18 ತುಂಬಿರಬೇಕು, ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅಥವಾ ಹಿಂದಿನ 12 ತಿಂಗಳು ಇಲ್ಲೇ ವಾಸವೋ ಕೆಲಸವೋ ಇರಬೇಕು. ಅದೇ ಕೌನ್ಸಿಲ್‌ನಲ್ಲಿ ನೌಕರಿ ಮಾತ್ರ ಇರಕೂಡದು. ಠೇವಣಿ ಕಟ್ಟುವಂತಿಲ್ಲ. ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕು, ಆದರೆ ಇಬ್ಬರೂ ಆಯಾ ವಾರ್ಡಿನ ಪಟ್ಟಿಯಲ್ಲೇ ಇರಬೇಕು. ನಾಮಪತ್ರ ಕೆಡುವುದು ಹೆಚ್ಚಾಗಿ ಇಲ್ಲೇ: ಪಕ್ಕದ ಬೀದಿಯ ಸ್ನೇಹಿತರು ಸಹಿ ಹಾಕಿರುತ್ತಾರೆ, ಆ ಬೀದಿ ಬೇರೆ ವಾರ್ಡಿಗೆ ಸೇರಿರುತ್ತದೆ. ಅಭ್ಯರ್ಥಿಯ ಒಪ್ಪಿಗೆ ಪತ್ರಕ್ಕೆ ಕೊನೆಯ ದಿನದ ಹಿಂದಿನ ಒಂದು ತಿಂಗಳೊಳಗೆ ಸಾಕ್ಷಿಯ ಮುಂದೆ ಸಹಿಯಾಗಬೇಕು. ಪಕ್ಷದ ಹೆಸರಿನಲ್ಲಿ ನಿಂತರೆ ಪಕ್ಷದ ಅಧಿಕಾರ ಪತ್ರವೂ ಜೊತೆಗಿರಬೇಕು. ಮತದಾನಕ್ಕೆ 19 ಕೆಲಸದ ದಿನ ಮುಂಚೆ ಸಂಜೆ 4 ಗಂಟೆಗೆ ಗಡುವು. 4 ದಾಟಿ ಒಂದು ನಿಮಿಷವಾದರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ವಾರದ ಮುಂಚೆಯೇ ಕೊಟ್ಟು, ಅಧಿಕಾರಿಗಳಿಂದ ಒಮ್ಮೆ ಪರಿಶೀಲನೆ ಮಾಡಿಸಿಕೊಳ್ಳುವುದು ಕ್ಷೇಮ.

ಹ್ಯಾರೋದಲ್ಲಿ 22 ವಾರ್ಡು, 55 ಕೌನ್ಸಿಲರ್‌ಗಳು. ಒಂದೊಂದು ವಾರ್ಡಿಗೆ ಇಬ್ಬರು ಇಲ್ಲವೇ ಮೂವರು. ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳ ಮೊದಲ ಗುರುವಾರ ಮತದಾನ. ಗೆದ್ದವರಿಗೆ ಸಂಬಳವಿಲ್ಲ, ಭತ್ಯೆ ಮಾತ್ರ. ಅದನ್ನೇ ನಂಬಿ ಇಲ್ಲಿ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ, ಆದ್ದರಿಂದ ನೌಕರಿ ಬಿಡುವುದು ಬೇಡವೆಂದು ನೀವೂ ಅವಳಿಗೆ ಹೇಳಿ. ಕೌನ್ಸಿಲ್ ಕೆಲಸಕ್ಕೆ ತಕ್ಕಷ್ಟು ಬಿಡುವು ಕೊಡಲು ಮಾಲೀಕರು ಕಾನೂನಿನಂತೆ ಬದ್ಧರು, ಆದರೆ ಆ ಹೊತ್ತಿಗೆ ಸಂಬಳ ಕೊಡಲೇಬೇಕೆಂದಿಲ್ಲ. ಗೆದ್ದ 28 ದಿನದೊಳಗೆ ತನ್ನ ಮತ್ತು ಗಂಡನ ಆಸ್ತಿ, ನೌಕರಿ, ವ್ಯವಹಾರಗಳನ್ನು ಘೋಷಿಸಬೇಕು. ತಕ್ಕ ಕಾರಣವಿಲ್ಲದೆ ಮುಚ್ಚಿಟ್ಟರೆ ಅಪರಾಧ. ಆರು ತಿಂಗಳು ಒಂದು ಸಭೆಗೂ ಹೋಗದೆ, ಗೈರುಹಾಜರಿಗೆ ಒಪ್ಪಿಗೆಯನ್ನೂ ಪಡೆಯದಿದ್ದರೆ ಸ್ಥಾನ ತಾನಾಗಿಯೇ ಹೋಗುತ್ತದೆ.

ಇನ್ನು ಕೆಲಸದ ವಿಷಯ. ಜನ ದೂರು ತರುತ್ತಾರೆ. ಕಲಿಯಬೇಕಾದ ಮೊದಲ ಪಾಠ ಅದು ಯಾರ ಮೇಜಿಗೆ ಸೇರಿದ್ದು ಅನ್ನುವುದು. ಕಸ, ಬೀದಿ ದೀಪ, ಉದ್ಯಾನ, ಗ್ರಂಥಾಲಯ, ಮನೆ ಕಟ್ಟುವ ಅನುಮತಿ, ವೃದ್ಧರ ಆರೈಕೆ ಕೌನ್ಸಿಲ್‌ನದು. ಬಸ್ಸು ಮತ್ತು ಲಂಡನ್ನಿನ ಮುಖ್ಯ ಹೆದ್ದಾರಿಗಳು ನಗರ ಸಾರಿಗೆ ಸಂಸ್ಥೆಯವು, ಆಸ್ಪತ್ರೆ ರಾಷ್ಟ್ರೀಯ ಆರೋಗ್ಯ ಸೇವೆಯದು. ಅನೇಕ ಶಾಲೆಗಳೂ ಈಗ ಕೌನ್ಸಿಲ್ ಆಡಳಿತದಲ್ಲಿ ಇಲ್ಲ. ಇದು ಗೊತ್ತಿಲ್ಲದೆ "ಮಾಡಿಸಿಕೊಡುತ್ತೇನೆ" ಅಂದರೆ ಮೂರು ತಿಂಗಳ ಮೇಲೆ ಆ ಮನೆಯ ಮುಂದೆ ಹಾದುಹೋಗುವುದೂ ಕಷ್ಟ.

ರಸ್ತೆ ಗುಂಡಿಯನ್ನೇ ತೆಗೆದುಕೊಳ್ಳಿ. "ನಮ್ಮ ರಸ್ತೆ ಹಾಳಾಗಿದೆ" ಎಂದು ಬರೆದ ಅರ್ಜಿ ಎಲ್ಲಿಗೂ ಹೋಗುವುದಿಲ್ಲ. ಯಾವ ನಂಬರಿನ ಮನೆಯೆದುರು, ಹತ್ತಿರದ ದೀಪದ ಕಂಬದ ಸಂಖ್ಯೆ ಎಷ್ಟು, ಆಳ ಎಷ್ಟು ಎಂದು ಬರೆದು, ಅಳತೆಪಟ್ಟಿ ಇಟ್ಟು ತೆಗೆದ ಚಿತ್ರ ಲಗತ್ತಿಸಬೇಕು. ಹಲವು ಕೌನ್ಸಿಲ್‌ಗಳು 40 ಮಿಲಿಮೀಟರ್ ಆಳವಾಗುವ ತನಕ ವಾಹನ ಓಡುವ ರಸ್ತೆಯ ಗುಂಡಿಗೆ ಕೈ ಹಾಕುವುದಿಲ್ಲ. ನೀರಿನವರೋ ಗ್ಯಾಸಿನವರೋ ಅಗೆದು ಮುಚ್ಚಿದ ಜಾಗ ಕುಸಿದಿದ್ದರೆ ಖರ್ಚು ಅವರದೇ. ಮುಚ್ಚಿದ ಮೇಲೆ ಎರಡು ವರ್ಷ, ಆಳದ ಅಗೆತವಾದರೆ ಮೂರು ವರ್ಷ ಅವರ ಖಾತರಿ ಇರುತ್ತದೆ. ಆ ಅವಧಿಯೊಳಗೆ ದೂರು ದಾಖಲಾಗದಿದ್ದರೆ ರಿಪೇರಿ ಜನರ ತೆರಿಗೆಯ ಮೇಲೆ ಬೀಳುತ್ತದೆ. ಜಾಣ ಕೌನ್ಸಿಲರ್ ಅಗೆದ ದಿನಾಂಕವನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುವುದು ಇದಕ್ಕೇ.

ನೆರೆಹೊರೆಯವರ ನಡುವೆ ಬೆಂಕಿ ಹತ್ತುವುದು ಮನೆ ವಿಸ್ತರಣೆಯಿಂದ. ಹ್ಯಾರೋದಂಥ ಬಡಾವಣೆಯಲ್ಲಿ ಸಾಲುಮನೆ, ಜೋಡಿಮನೆಗಳೇ ಜಾಸ್ತಿ. ಸಾಮಾನ್ಯವಾಗಿ ಹಿಂದುಗಡೆ 3 ಮೀಟರ್, ಬಿಡಿಮನೆಯಾದರೆ 4 ಮೀಟರ್ ಒಂದಂತಸ್ತು ಕಟ್ಟಲು ಪೂರ್ಣ ಅರ್ಜಿ ಬೇಕಿಲ್ಲ. ಅದೇ ಕ್ರಮದಲ್ಲಿ 6 ಮತ್ತು 8 ಮೀಟರ್‌ವರೆಗೆ ಹೋಗಬೇಕಾದರೆ ಮೊದಲು ಕೌನ್ಸಿಲ್‌ಗೆ ತಿಳಿಸಬೇಕು, ನೆರೆಯವರಿಗೆ ನೋಟಿಸು ಹೋಗುತ್ತದೆ, 42 ದಿನದಲ್ಲಿ ತೀರ್ಮಾನವಾಗುತ್ತದೆ. ಪೂರ್ಣ ಅರ್ಜಿಯಾದರೆ ಆಕ್ಷೇಪಣೆಗೆ 21 ದಿನ, ತೀರ್ಮಾನಕ್ಕೆ 8 ವಾರ. ಬೆಳಕು ತಡೆಯುತ್ತದೆ, ನಮ್ಮ ಕಿಟಕಿಯೊಳಗೆ ಇಣುಕು ಬೀಳುತ್ತದೆ, ಪಾರ್ಕಿಂಗ್ ಸಾಲದು ಅನ್ನುವ ಆಕ್ಷೇಪಣೆ ನಿಲ್ಲುತ್ತದೆ. ನಮ್ಮ ಮನೆಯ ಬೆಲೆ ಬಿದ್ದುಹೋಗುತ್ತದೆ, ಅವನು ಒಳ್ಳೆಯವನಲ್ಲ ಅನ್ನುವುದು ನಿಲ್ಲುವುದಿಲ್ಲ. ಐವತ್ತು ಜನ ಒಂದೇ ಮಾದರಿಯ ಕಾಗದಕ್ಕೆ ಸಹಿ ಹಾಕುವುದಕ್ಕಿಂತ, ಗೋಡೆಯ ಎತ್ತರವನ್ನೂ ಕಿಟಕಿಯ ದೂರವನ್ನೂ ಅಳೆದು ಬರೆದ ಒಂದು ಕಾಗದಕ್ಕೆ ಬೆಲೆ ಹೆಚ್ಚು.

ಪುಟ್ಟಿ ಈ ಅರ್ಜಿಗಳ ಸಮಿತಿಯಲ್ಲಿ ಕೂತರೆ ಸಭೆಗೆ ಮುಂಚೆ ಯಾರಿಗೂ ಮಾತು ಕೊಡಕೂಡದು. ಒಂದು ಕಡೆಗೆ ಒಲವಿದೆ ಅಂದರೆ ಪರವಾಗಿಲ್ಲ. ತೀರ್ಮಾನ ಮಾಡಿಯೇ ಬಂದಿದ್ದೇನೆ, ಇನ್ನು ಯಾರ ಮಾತೂ ಕೇಳುವುದಿಲ್ಲ ಎಂದಂತಾದರೆ ಇಡೀ ನಿರ್ಣಯ ಕೋರ್ಟಿನಲ್ಲಿ ಬೀಳಬಹುದು. ಜನರ ಕೂಗಿಗೆ ಮಣಿದು ಸರಿಯಾದ ಆಧಾರವಿಲ್ಲದೆ ಅರ್ಜಿ ತಿರಸ್ಕರಿಸಿದರೂ ಅಷ್ಟೇ. ಅರ್ಜಿದಾರ ಮೇಲ್ಮನವಿ ಗೆದ್ದು ಖರ್ಚನ್ನು ಕೌನ್ಸಿಲ್ ಮೇಲೆ ಹೊರಿಸಬಹುದು. ನಮ್ಮ ಕನ್ನಡದವರ ಅರ್ಜಿ ಬಂದಾಗಲೂ ಅದೇ ಅಳತೆ ಹಿಡಿಯಬೇಕು. ಇದನ್ನು ಅವಳು ಮೊದಲೇ ಎಲ್ಲರಿಗೂ ಹೇಳಿಬಿಡುವುದು ಒಳ್ಳೆಯದು.

ಬಜೆಟ್ ಮಾರ್ಚ್ 11ರೊಳಗೆ ಪಾಸಾಗಬೇಕು, ಆದಾಯ ವೆಚ್ಚ ಸರಿದೂಗಲೇಬೇಕು. ಯಾರು ಯಾವ ಕಡೆ ಮತ ಹಾಕಿದರು ಎಂದು ಹೆಸರು ಸಮೇತ ದಾಖಲಾಗುತ್ತದೆ. ಸ್ವಂತ ಮನೆಯ ಕೌನ್ಸಿಲ್ ತೆರಿಗೆ ಎರಡು ತಿಂಗಳು ಬಾಕಿಯಿದ್ದವರು ಅದನ್ನು ಸಭೆಯಲ್ಲಿ ತಿಳಿಸಬೇಕು, ಮತ ಹಾಕುವಂತಿಲ್ಲ. ಹಣದ ದೊಡ್ಡ ಪಾಲು ವೃದ್ಧರ, ಅಂಗವಿಕಲರ, ಮಕ್ಕಳ ಆರೈಕೆಗೆ ಹೋಗುತ್ತದೆ. ರಸ್ತೆಗೆ, ಉದ್ಯಾನಕ್ಕೆ ಉಳಿಯುವುದು ಕಡಿಮೆ. ಲಂಡನ್ನಿನ ಇನ್ನೊಂದು ಹೊರವಲಯ ಕ್ರಾಯ್ಡನ್ನಿನಲ್ಲಿ 2020ರ ನವೆಂಬರ್‌ನಲ್ಲಿ ಹಣಕಾಸು ಅಧಿಕಾರಿಯೇ ಹೊಸ ಖರ್ಚು ನಿಲ್ಲಿಸುವ ನೋಟಿಸು ಹೊರಡಿಸಬೇಕಾಯಿತು. ಲೆಕ್ಕ ಅರ್ಥವಾಗದಿದ್ದರೆ ಕೇಳಿಯೇ ಕೇಳಬೇಕು, ಸಂಕೋಚಪಟ್ಟು ಸುಮ್ಮನೆ ಮತಕ್ಕೆ ಕೈ ಎತ್ತಬಾರದು.

ಮೇಯರ್ ವಿಷಯ ಕೊನೆಗೆ ಇಟ್ಟುಕೊಂಡೆ. ಹ್ಯಾರೋದಲ್ಲಿ ಮೇಯರ್ ಹುದ್ದೆ ಒಂದು ವರ್ಷದ್ದು. ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಕೌನ್ಸಿಲರ್‌ಗಳು ತಮ್ಮಲ್ಲೇ ಒಬ್ಬರನ್ನು ಆರಿಸುತ್ತಾರೆ. ಆಡಳಿತ ನಡೆಸುವುದು ಲೀಡರ್ ಅನ್ನಿಸಿಕೊಳ್ಳುವ ಕೌನ್ಸಿಲ್ ನಾಯಕರು ಮತ್ತು ಅವರ ಕ್ಯಾಬಿನೆಟ್. ಇಂಥ ಮೇಯರ್ ಕ್ಯಾಬಿನೆಟ್‌ನಲ್ಲಿ ಇರಲೇಕೂಡದೆಂದು ಕಾಯಿದೆಯೇ ಹೇಳುತ್ತದೆ. ಕ್ರಾಯ್ಡನ್, ನ್ಯೂಹ್ಯಾಮ್‌ನಂಥ ಕೆಲವು ಕಡೆ ಜನರೇ ನೇರವಾಗಿ ಆರಿಸುವ ಮೇಯರ್ ಇದ್ದಾರೆ, ಅವರಿಗೆ ಅಧಿಕಾರವಿದೆ. ಆ ಮಾತು ಬೇರೆ. ನಮ್ಮ ಕಲಬುರಗಿಯ ಡಾ. ನೀರಜ್ ಪಾಟೀಲರು 2010-11ರಲ್ಲಿ ಲಂಡನ್ನಿನದೇ ಇನ್ನೊಂದು ಕೌನ್ಸಿಲ್ ಆದ ಲ್ಯಾಂಬೆತ್‌ಗೆ ಮೇಯರ್ ಆಗಿದ್ದದ್ದು ಈ ಒಂದು ವರ್ಷದ ಹುದ್ದೆಗೇ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಹಿಂದೆಯೂ ಅವರ ಶ್ರಮವಿದೆ.

ಕೊರಳಿನ ಪದಕದ ಸರ ನೋಡಿ ಇದು ಬರೀ ಶೋಭೆಯ ಹುದ್ದೆ ಅಂದುಕೊಳ್ಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಡೀ ಕೌನ್ಸಿಲಿನ ಸಭೆ ನಡೆಸುವುದು ಮೇಯರ್. ಯಾರಿಗೆ ಮಾತು, ಎಷ್ಟು ಹೊತ್ತು, ಯಾವ ತಿದ್ದುಪಡಿ ಮೊದಲು ಎಂಬುದೆಲ್ಲ ಅವರ ತೀರ್ಪು. ತನ್ನ ಪಕ್ಷದವರನ್ನೂ ಅಷ್ಟೇ ಬಿಗಿಯಾಗಿ ಕೂರಿಸಿದರೆ ಮಾತ್ರ ಎದುರು ಪಕ್ಷ ಆ ತೀರ್ಪನ್ನು ಒಪ್ಪುತ್ತದೆ. ಮತ ಸಮ ಬಂದರೆ ಎರಡನೆಯ, ನಿರ್ಣಾಯಕ ಮತ ಅವರದು. ಹೊಸದಾಗಿ ಪೌರತ್ವ ಪಡೆದವರು ಪ್ರತಿಜ್ಞೆ ತೆಗೆದುಕೊಳ್ಳುವ ಸಮಾರಂಭಗಳಲ್ಲಿ ಊರಿನ ಪರವಾಗಿ ಸ್ವಾಗತಿಸುವುದೂ ಸಾಮಾನ್ಯವಾಗಿ ಮೇಯರ್. ದೂರದೂರಿಂದ ಬಂದವರಿಗೆ ಆ ದಿನ ತಮ್ಮಂತೆಯೇ ವಲಸೆ ಬಂದ ಹೆಣ್ಣುಮಗಳೊಬ್ಬಳು ಕೈಕುಲುಕಿದರೆ ಅದಕ್ಕೆ ಅರ್ಥವಿದೆ. ಸಂಜೆ, ವಾರಾಂತ್ಯಗಳು ಮಾತ್ರ ಆ ವರ್ಷ ಅವಳವಾಗಿ ಉಳಿಯುವುದಿಲ್ಲ. ಮಕ್ಕಳು ಚಿಕ್ಕವರಿರುವಾಗ ಆ ಹುದ್ದೆ ಒಪ್ಪಿಕೊಳ್ಳುವುದು ಬೇಡ. ಕೌನ್ಸಿಲರ್ ಆಗಿ ನಾಲ್ಕು ವರ್ಷ ಕಳೆಯಲಿ.

ಈಗ ಅವಳು ಮಾಡಬೇಕಾದ್ದು ಒಂದೇ: ಕೌನ್ಸಿಲ್ ಸಭೆಗಳಿಗೆ ಹೋಗಿ ಸಾರ್ವಜನಿಕರ ಸಾಲಿನಲ್ಲಿ ಕೂರಲಿ. ಕಾರ್ಯಸೂಚಿ ಐದು ಪೂರ್ಣ ದಿನ ಮುಂಚೆ ಹೊರಬರುತ್ತದೆ, ಓದಿಕೊಂಡೇ ಹೋಗಲಿ. ಈ ಕಾಗದವನ್ನು ಅವಳಿಗೂ ಫೋನಿನಲ್ಲಿ ಓದಿ ಹೇಳಿ, ನಿಮ್ಮ ಬಾಯಿಂದ ಬಂದರೆ ಕೇಳುತ್ತಾಳೆ. ದೊಡ್ಡಮ್ಮನವರಿಗೆ ನಮಸ್ಕಾರ ತಿಳಿಸಿ, ಮಂಡಿನೋವಿಗೆ ಡಾಕ್ಟರು ಏನಂದರೆಂದು ಬರೆಯಿರಿ.

ನಿಮ್ಮ ಆಶೀರ್ವಾದ ಬೇಡುವ,
ಲಂಡನ್ನಿನ ಮಗ