ಸಚಿವರೇ, ನನ್ನ ದುಡ್ಡು ನನ್ನ ಖಾತೆಗೇ ಬರಲಿ

ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರು

ಮಾನ್ಯರೇ,

ನಮಸ್ಕಾರ. ನಾನು ರಾಯಚೂರಿನವನು. ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಮಂತ್ರಿಗಳಿಗೆ ಪತ್ರ ಬರೆದು ಅಭ್ಯಾಸವಿಲ್ಲ. ಹಾಗಾಗಿ ಸುತ್ತಿ ಬಳಸದೆ ಮೊದಲೇ ಬೇಡಿಕೆ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕ್ಯಾನ್ಸಲ್ ಮಾಡಿದರೆ ದುಡ್ಡು ಯಾವ ಖಾತೆಯಿಂದ ಹೋಯಿತೋ ಅದೇ ಖಾತೆಗೆ, ಇಂತಿಷ್ಟೇ ದಿನದೊಳಗೆ ವಾಪಸ್ ಬರಬೇಕು. ಕಂಪನಿಯ ವ್ಯಾಲೆಟ್‌ಗೆ ಬೇಡ, ಕೂಪನ್ ಬೇಡ, ಕಾಯಿನ್ ಬೇಡ. ಇದನ್ನು ನಿಯಮದಲ್ಲಿ ಬರೆಸಿ. ತಪ್ಪಿದವರಿಗೆ ದಂಡ ಹಾಕಿಸಿ.

ಕಾಯ್ದೆ ಕಾನೂನು ನಿಮಗೆ ಹೇಳಿಕೊಡಲು ನಾನ್ಯಾರು? ಎಲ್ಲ ನಿಮ್ಮ ಇಲಾಖೆಯದ್ದೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರ ಹಿಂದೆಯೇ ಬಂದ 2020ರ ಇ-ಕಾಮರ್ಸ್ ನಿಯಮಗಳು, ಡಾರ್ಕ್ ಪ್ಯಾಟರ್ನ್ ಅಂದರೆ ಗ್ರಾಹಕನನ್ನು ದಾರಿ ತಪ್ಪಿಸುವ ಆ್ಯಪ್ ತಂತ್ರಗಳ ವಿರುದ್ಧದ 2023ರ ಮಾರ್ಗಸೂಚಿ, ಇವೆಲ್ಲ ನಿಮಗೆ ಬಾಯಿಪಾಠ ಇರುತ್ತವೆ ಅಂತಲೇ ಅಂದುಕೊಂಡು ಬರೆಯುತ್ತಿದ್ದೇನೆ. ನಾನಂತೂ ಓದಿದೆ. ಓದದೆ ಬೇರೆ ದಾರಿ ಇರಲಿಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಒಂದು ಏರ್ ಕೂಲರ್ ಆರ್ಡರ್ ಮಾಡಿದೆ. ಮುಂಗಡವಾಗಿ ಯುಪಿಐನಲ್ಲಿ ಕಟ್ಟಿದರೆ ಬೆಲೆ ಕಡಿಮೆ ಅಂತ ತೋರಿಸಿತು. 8,790 ರೂಪಾಯಿ ಕಟ್ಟಿದೆ. ವಾರದೊಳಗೆ ಬರುತ್ತದೆ ಅಂತ ಹಸಿರು ಅಕ್ಷರದಲ್ಲಿ ತಾರೀಖು ಬಂತು. ರಾಯಚೂರಿನ ಬೇಸಿಗೆ ನಿಮಗೆ ಗೊತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ನಾಡಿಗೆ ಕರೆಂಟ್ ಕೊಡುವ ಶಾಖೋತ್ಪನ್ನ ಸ್ಥಾವರ ಇಲ್ಲೇ ಶಕ್ತಿನಗರದಲ್ಲಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಫ್ಯಾನ್ ಆಗಾಗ ನಿಲ್ಲುತ್ತದೆ. ಅದು ಬೇರೆ ಸಚಿವರಿಗೆ ಬರೆಯಬೇಕಾದ ಪತ್ರ, ಬಿಡಿ.

ಕೂಲರ್ ಬೇಕಾಗಿದ್ದು ಅವ್ವನಿಗೆ. ಎಪ್ಪತ್ತು ದಾಟಿದ ಜೀವ. ಬಿಪಿ, ಶುಗರ್ ಎರಡೂ ಇವೆ. ನಾವು ಬಾಡಿಗೆಗೆ ಇರುವುದು ಮೇಲಿನ ಮಹಡಿಯಲ್ಲಿ. ಹಗಲಿಡೀ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಹೆಂಡತಿ ಒದ್ದೆ ಬಟ್ಟೆ ಹಿಂಡಿ ಅವ್ವನ ಹಣೆ ಮೇಲೆ ಹಾಕುತ್ತಿದ್ದಳು. ನಾನು ಫೋನ್ ನೋಡುತ್ತಿದ್ದೆ. ಹೇಳಿದ ತಾರೀಖು ಬಂತು, ಕೂಲರ್ ಬರಲಿಲ್ಲ. ಹೊಸ ತಾರೀಖು ಬಂತು. ಅದೂ ಹೋಯಿತು. ನಂತರ ತಾರೀಖೇ ಕಾಣದಾಯಿತು. ‘ನಿಮ್ಮ ಆರ್ಡರ್ ಸ್ವಲ್ಪ ತಡವಾಗಿದೆ, ತಾಳ್ಮೆಗೆ ಧನ್ಯವಾದ’ ಅಂತ ಒಂದು ಸಾಲು ಮಾತ್ರ. ತಾಳ್ಮೆ ಇದೆ ಅಂತ ಇವರಿಗೆ ಹೇಳಿದವರು ಯಾರು?

ಕ್ಯಾನ್ಸಲ್ ಮಾಡೋಣ ಅಂತ ಹೊರಟೆ. ಕೊಳ್ಳುವ ಬಟನ್ ಪರದೆಯ ಅರ್ಧದಷ್ಟು ದೊಡ್ಡದು. ಕ್ಯಾನ್ಸಲ್ ಎಲ್ಲೋ ಮೂಲೆಯಲ್ಲಿ ಬೂದು ಬಣ್ಣದಲ್ಲಿತ್ತು. ಒತ್ತಿದರೆ ಕಾರಣ ಕೇಳಿತು. ಆ ಪಟ್ಟಿಯಲ್ಲಿ ‘ನೀವು ಹೇಳಿದ ದಿನಕ್ಕೆ ಕಳಿಸಲಿಲ್ಲ’ ಅನ್ನುವ ಕಾರಣವೇ ಇರಲಿಲ್ಲ! ‘ಮನಸ್ಸು ಬದಲಾಯಿತು’ ಇತ್ತು, ‘ತಪ್ಪಿ ಆರ್ಡರ್ ಮಾಡಿದೆ’ ಇತ್ತು. ಅಂದರೆ ತಪ್ಪು ಯಾವತ್ತಿಗೂ ನಮ್ಮದೇ. ಒಂದನ್ನು ಒತ್ತಿದೆ. ‘ಇಷ್ಟು ಒಳ್ಳೆಯ ಆಫರ್ ನಿಜವಾಗಿಯೂ ಬಿಡುತ್ತೀರಾ?’ ಅಂತು. ಹೌದು ಅಂದೆ. ಕೊನೆಗೆ ಬಂದ ಉತ್ತರ: ಪಾರ್ಸೆಲ್ ಹೊರಟುಬಿಟ್ಟಿದೆ, ಈಗ ಕ್ಯಾನ್ಸಲ್ ಆಗುವುದಿಲ್ಲ, ಮನೆಗೆ ಬಂದಾಗ ಬೇಡ ಅನ್ನಿ. ಎಲ್ಲಿಂದ ಹೊರಟಿತ್ತೋ ದೇವರಿಗೇ ಗೊತ್ತು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವ್ವ ಅಡುಗೆಮನೆ ಬಾಗಿಲ ಹತ್ತಿರ ತಲೆಸುತ್ತಿ ಬಿದ್ದಳು. ಸಲೈನ್ ಹಾಕಿಸಿದೆವು. ಡಾಕ್ಟರು ‘ಇವರನ್ನು ತಂಪಿನಲ್ಲಿ ಇಡಿ’ ಅಂದರು. ಅಂದೇ ಸಂಜೆ ಊರಿನ ಅಂಗಡಿಯಲ್ಲಿ ಕಂತಿನ ಮೇಲೆ ಇನ್ನೊಂದು ಕೂಲರ್ ತಂದೆ. ಒಂದು ಕೂಲರ್‌ಗೆ ಪೂರ್ತಿ ದುಡ್ಡು ಕಟ್ಟಿ ಕಾಯುವುದು, ಇನ್ನೊಂದಕ್ಕೆ ಕಂತು ಕಟ್ಟುವುದು. ತಿಂಗಳ ಸಂಬಳದವನಿಗೆ ಇದು ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆಮೇಲೆ ಜೂನ್ ಬಂತು. ಮಳೆಯೂ ಬಂತು. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ತೊಯ್ದುಕೊಂಡು ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತಿದ್ದ. ‘ಸರ, ನಿಮ್ಮ ಕೂಲರ್ ಬಂದೈತ್ರಿ’ ಅಂದ. ಸಿಟ್ಟಿಗೆ ಮೊದಲು ನಗು ಬಂತು ನನಗೆ. ‘ಮಳಿ ಬಂತಲ್ಲಪ್ಪ, ಈಗ ತಗೊಂಡು ಏನ್ ಮಾಡ್ಲಿ?’ ಅಂದೆ. ‘ನನ್ನ ಕೈಯಾಗ ಏನೈತ್ರಿ ಸರ’ ಅಂದ. ಪಾಪ, ಅವನದೇನು ತಪ್ಪು? ಚಹಾ ಕುಡಿಸಿ, ಬೇಡ ಅಂತ ಬರೆಸಿ ಕಳಿಸಿದೆ.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕೆಲವು ದಿನ ಬಿಟ್ಟು ‘ನಿಮ್ಮ ರೀಫಂಡ್ ಯಶಸ್ವಿಯಾಗಿದೆ’ ಅಂತ ಮೆಸೇಜ್ ಬಂತು. ಬ್ಯಾಂಕ್ ಖಾತೆ ನೋಡಿದರೆ ಏನೂ ಇಲ್ಲ. ದುಡ್ಡು ಬಂದದ್ದು ಅವರದೇ ಆ್ಯಪ್‌ನ ವ್ಯಾಲೆಟ್‌ಗೆ. ಅದೂ 8,441 ರೂಪಾಯಿ. 349 ರೂಪಾಯಿ ಕ್ಯಾನ್ಸಲ್ ಶುಲ್ಕವಂತೆ. ಆ ವ್ಯಾಲೆಟ್‌ನ ದುಡ್ಡನ್ನು ಬ್ಯಾಂಕಿಗೆ ಹಾಕಿಕೊಳ್ಳಲು ಬರುವುದಿಲ್ಲ. ಮೂರು ತಿಂಗಳೊಳಗೆ ಅಲ್ಲೇ ಏನಾದರೂ ಕೊಳ್ಳಬೇಕು, ಇಲ್ಲದಿದ್ದರೆ ಅದೂ ಹೋಗುತ್ತದೆ. ಮರುದಿನವೇ ಇನ್ನೊಂದು ಮೆಸೇಜ್: ‘ನಿಮ್ಮ ವ್ಯಾಲೆಟ್‌ನಲ್ಲಿ ಹಣವಿದೆ, ರೂಮ್ ಹೀಟರ್ ಮೇಲೆ ಭಾರಿ ರಿಯಾಯಿತಿ.’ ರೂಮ್ ಹೀಟರ್! ರಾಯಚೂರಿನವನಿಗೆ! ಅವ್ವನಿಗೆ ಓದಿ ಹೇಳಿದೆ. ‘ಅವರ ಮನಿ ಹಾಳಾಗ’ ಅಂದಳು. ಕ್ಷಮಿಸಿ, ಆಕೆ ಹಳೇ ಕಾಲದವಳು.

ಈಗ ನಿಮ್ಮ ನಿಯಮಕ್ಕೆ ಬರೋಣ. ನೆರೆ, ಭೂಕಂಪದಂಥ ಕೈಮೀರಿದ ಕಾರಣ ಇಲ್ಲದೆ ಹೇಳಿದ ದಿನಕ್ಕಿಂತ ತಡವಾಗಿ ಸಾಮಾನು ಬಂದರೆ, ಮಾರುವವನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವಂತಿಲ್ಲ. 2020ರ ನಿಯಮ. ಕಂಪನಿ ತಾನಾಗಿ ಆರ್ಡರ್ ರದ್ದು ಮಾಡಿದಾಗ ಗ್ರಾಹಕನಿಗೆ ಅಷ್ಟೇ ಶುಲ್ಕ ಕೊಡುವುದಿದ್ದರೆ ಮಾತ್ರ, ಗ್ರಾಹಕನಿಂದಲೂ ಕ್ಯಾನ್ಸಲ್ ಶುಲ್ಕ ವಸೂಲಿ ಮಾಡಬಹುದು. ಅದೂ ಅಲ್ಲೇ ಇದೆ. ದೂರು ಕೊಟ್ಟರೆ 48 ಗಂಟೆಯೊಳಗೆ ಮುಟ್ಟಿದೆ ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದೂ ಇದೆ. ನಾನು ಆ ಕಂಪನಿಯ ದೂರು ಅಧಿಕಾರಿಗೆ ಬರೆದೆ. 48 ಗಂಟೆ ಬೇಕಾಗಲಿಲ್ಲ, ನಿಮಿಷದೊಳಗೆ ಯಂತ್ರದ ಉತ್ತರ ಬಂತು. ತಿಂಗಳು ಕಳೆಯುವ ಮುಂಚೆ ‘ಟಿಕೆಟ್ ಮುಚ್ಚಲಾಗಿದೆ’ ಅಂತಲೂ ಬಂತು. ಕಾಗದದ ಮೇಲೆ ನಿಯಮ ಪಾಲನೆ ಆಯಿತು. ದುಡ್ಡು?

ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಮರ್ಯಾದೆಯಿಂದ ಕೇಳಿಸಿಕೊಂಡರು, ನಂಬರ್ ಕೊಟ್ಟರು. ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರವೇ ಇಲ್ಲ. ನಮ್ಮ ಮಾತು ಕಂಪನಿಗೆ, ಕಂಪನಿಯ ಮಾತು ನಮಗೆ ಮುಟ್ಟಿಸುವುದಷ್ಟೇ. ಕಂಪನಿ ಅವರಿಗೂ ‘ರೀಫಂಡ್ ಆಗಿದೆ’ ಅಂತಲೇ ಬರೆದು ಕೈತೊಳೆದುಕೊಂಡಿತು. ವ್ಯಾಲೆಟ್‌ಗೆ ಹಾಕಿದ್ದನ್ನು ರೀಫಂಡ್ ಅನ್ನಲು ಬಿಟ್ಟರೆ ಹೀಗೇ ಆಗುವುದು. ಅದಕ್ಕೇ ಹೇಳುತ್ತಿರುವುದು, ಹೋದ ಖಾತೆಗೇ ಬರಬೇಕು ಅಂತ ಬರೆಸಿ.

ನಿಮ್ಮ ನಿಯಮದಲ್ಲಿ ತೂತು ಎಲ್ಲಿದೆ ಅಂದರೆ, ಕಂಪನಿ ಒಪ್ಪಿಕೊಂಡ ರೀಫಂಡನ್ನು ರಿಸರ್ವ್ ಬ್ಯಾಂಕ್ ಅಥವಾ ಇನ್ನೊಂದು ಪ್ರಾಧಿಕಾರ ಹೇಳಿದಂತೆ ಸೂಕ್ತ ಅವಧಿಯಲ್ಲಿ ಕೊಡಬೇಕು ಅಂತ ಬರೆದು ಬಿಟ್ಟಿದ್ದೀರಿ. ಕಂಪನಿ ಒಪ್ಪುವವರೆಗೆ ದಿನದ ಲೆಕ್ಕವೇ ಶುರುವಾಗುವುದಿಲ್ಲ. ಒಪ್ಪಿದ ಮೇಲೂ ಸೂಕ್ತ ಅಂದರೆ ಎಷ್ಟು ದಿನ? ಅದೇ ರಿಸರ್ವ್ ಬ್ಯಾಂಕ್ 2019ರಲ್ಲೇ ಇನ್ನೊಂದು ಕಡೆ ನೇರ ಲೆಕ್ಕ ಹೇಳಿದೆ. ಯುಪಿಐನಲ್ಲಿ ಕಟ್ಟಿದ ದುಡ್ಡು ಖಾತೆಯಿಂದ ಹೋಗಿ ಅಂಗಡಿಯವನಿಗೆ ಮುಟ್ಟದಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಎಷ್ಟು ಚೆನ್ನಾಗಿದೆ ನೋಡಿ. ದಿನ ಇದೆ, ದಂಡ ಇದೆ, ನಾವು ಅರ್ಜಿ ಹಾಕುವ ಗೊಡವೆಯೂ ಇಲ್ಲ. ಬ್ಯಾಂಕುಗಳಿಗೆ ಇರುವ ಶಿಸ್ತು ಈ ಆ್ಯಪ್ ಅಂಗಡಿಗಳಿಗೆ ಯಾಕಿಲ್ಲ?

ವ್ಯಾಲೆಟ್ ವಿಷಯವೂ ನಿಮಗೆ ಹೊಸದಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಕ್ಯಾಬ್ ಕಂಪನಿಗೆ ಆದೇಶ ಕೊಟ್ಟಿತು. ರೀಫಂಡ್ ಬ್ಯಾಂಕ್ ಖಾತೆಗೆ ಬೇಕೋ, ಕೂಪನ್ ಬೇಕೋ, ಗ್ರಾಹಕನನ್ನೇ ಕೇಳಿ ಅಂತ. ಅದಕ್ಕೂ ಮುಂಚೆ ಬರೀ ಕೂಪನ್ ಕೊಡುತ್ತಿದ್ದರು. ಓದಿ ಖುಷಿಯಾಯಿತು. ಆದರೆ ಒಂದು ಕಂಪನಿಗೆ ಯಾಕೆ, ಎಲ್ಲರಿಗೂ ಯಾಕಿಲ್ಲ? ಪ್ರಾಧಿಕಾರ ಒಬ್ಬೊಬ್ಬರನ್ನೇ ಹಿಡಿದು ಆದೇಶ ಬರೆಯುತ್ತಾ ಹೋದರೆ ನಮ್ಮ ಸರದಿ ಬರುವುದು ಯಾವಾಗ?

ನನಗೆ ದೊಡ್ಡ ಆಸೆ ಏನಿಲ್ಲ. ಯೂರೋಪ್ ಒಕ್ಕೂಟದ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಹುತೇಕ ಸಾಮಾನನ್ನು 14 ದಿನದೊಳಗೆ ಕಾರಣವೇ ಹೇಳದೆ ಬೇಡ ಅನ್ನಬಹುದು. ಗ್ರಾಹಕ ಹೇಗೆ ಕಟ್ಟಿದ್ದನೋ ಅದೇ ದಾರಿಯಲ್ಲಿ ದುಡ್ಡು ವಾಪಸ್ ಹೋಗಬೇಕು ಅಂತಲೂ ಅಲ್ಲಿನ ಕಾನೂನು ಹೇಳುತ್ತದೆ. ನಮ್ಮಲ್ಲೂ ವಿಮೆ ಪಾಲಿಸಿ ಹಿಡಿಸದಿದ್ದರೆ 30 ದಿನದೊಳಗೆ ಬಿಡುವ ಅವಕಾಶ ಇದೆ. ಕಾರಣ ಹೇಳದೆ ಕೂಲರ್ ವಾಪಸ್ ಮಾಡುವ ಹಕ್ಕು ನನಗೆ ಸದ್ಯಕ್ಕೆ ಬೇಡ, ಕೊಟ್ಟರೆ ಬೇಡ ಅನ್ನುವುದಿಲ್ಲ ಅಷ್ಟೇ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು. ಅವರ ತಪ್ಪಿನಿಂದ ರದ್ದಾದದ್ದಕ್ಕೆ ನನ್ನ ದುಡ್ಡು ನನ್ನ ಖಾತೆಗೆ.

ನಮ್ಮ ಗಂಜ್‌ನಲ್ಲಿ ದಿನಾ ಲಕ್ಷಗಟ್ಟಲೆ ವ್ಯವಹಾರ ನಡೆಯುತ್ತದೆ. ಭತ್ತ, ಹತ್ತಿ, ತೊಗರಿ. ಎಷ್ಟೋ ಸಲ ಬರೀ ಬಾಯಿಮಾತಿನ ಮೇಲೆ. ಹೇಳಿದ ದಿನ ಮಾಲು ಕೊಡದವನು ಮುಂಗಡ ವಾಪಸ್ ಕೊಡುತ್ತಾನೆ. ‘ವಾಪಸ್ ಕೊಡಲ್ಲ, ನಿನ್ನ ಹೆಸರಲ್ಲಿ ನನ್ನ ವಹಿಯಲ್ಲೇ ಜಮಾ ಇರಲಿ, ಮೂರು ತಿಂಗಳೊಳಗೆ ನನ್ನ ಹತ್ತಿರವೇ ಏನಾದರೂ ಕೊಂಡುಕೋ, ಇಲ್ಲದಿದ್ದರೆ ಅದು ನನ್ನದು’ ಅಂತ ಯಾವನಾದರೂ ಅಂದರೆ ಮರುದಿನ ಅವನ ಅಂಗಡಿಗೆ ಯಾರೂ ಹೋಗುವುದಿಲ್ಲ. ಅದನ್ನೇ ಕಂಪನಿ ಮಾಡಿದರೆ ‘ಪಾಲಿಸಿ’ ಅನ್ನುತ್ತಾರೆ.

ಮಾರ್ಗಸೂಚಿಯಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನ್ ಪಟ್ಟಿ ಮಾಡಿದ್ದೀರಿ. ಗ್ರಾಹಕನಿಗೆ ನಾಚಿಕೆ ಹುಟ್ಟಿಸುವುದು, ಬಟನ್ ಕಾಣದಂತೆ ಮಾಡುವುದು ಎಲ್ಲ ಅದರಲ್ಲಿವೆ. 2025ರ ಜೂನ್‌ನಲ್ಲಿ ಪ್ರಾಧಿಕಾರ ಕಂಪನಿಗಳಿಗೆ ಮೂರು ತಿಂಗಳೊಳಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಿ ಅಂತ ಸೂಚಿಸಿತು. ತಮ್ಮನ್ನು ತಾವೇ! ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ನಾನು ಬರೆದ ವಹಿಯನ್ನು ನಾನೇ ಆಡಿಟ್ ಮಾಡಲು ನಮ್ಮ ಸಾಹುಕಾರರು ಒಂದು ದಿನವೂ ಬಿಟ್ಟಿಲ್ಲ. ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚು ದುಡ್ಡು ಕೀಳುವವರ ಮೇಲೆ ತನಿಖೆ ನಡೆಯುತ್ತಿದೆ ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ನೀವೇ ಹೇಳಿದ್ದಿರಿ. ಒಳ್ಳೆಯದು. ಅದೇ ಕಣ್ಣು ಕ್ಯಾನ್ಸಲ್ ಬಟನ್ ಮೇಲೂ, ವ್ಯಾಲೆಟ್ ಮೇಲೂ ಬೀಳಲಿ.

ಜಾಗೋ ಗ್ರಾಹಕ್ ಜಾಗೋ ಅಂತ ಎಷ್ಟು ವರ್ಷದಿಂದ ಟೀವಿಯಲ್ಲಿ ಕೂಗುತ್ತಿದ್ದೀರಿ. ಡಿಸೆಂಬರ್ 24 ಬಂದರೆ ರಾಷ್ಟ್ರೀಯ ಗ್ರಾಹಕ ದಿನ ಅಂತ ಭಾಷಣವೂ ಇರುತ್ತದೆ. ಸ್ವಾಮಿ, ನಾವು ಎದ್ದು ಬಹಳ ಹೊತ್ತಾಯಿತು. ಆ ಸೆಖೆಯಲ್ಲಿ ನಿದ್ದೆ ಬಂದರೆ ತಾನೆ?

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ ಅನ್ನುವಿರಿ. ಹೋಗುತ್ತೇನೆ. ಈಗ ಇದ್ದ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಕೂಡ ಆಗುತ್ತದೆ. ಒಳ್ಳೆಯ ವ್ಯವಸ್ಥೆ, ಇಲ್ಲ ಅನ್ನುವುದಿಲ್ಲ. ಆದರೆ 8,790 ರೂಪಾಯಿಗಾಗಿ ಕಾಗದ ಜೋಡಿಸಿ, ರಜೆ ಹಾಕಿ, ಸಂಬಳ ಕಳೆದುಕೊಂಡು ಓಡಾಡುವವರು ಎಷ್ಟು ಜನ? ಸಾವಿರಕ್ಕೆ, ಐನೂರಕ್ಕೆ ಯಾರು ಹೋಗುತ್ತಾರೆ? ಹೋಗುವುದಿಲ್ಲ ಅಂತ ಕಂಪನಿಗೂ ಗೊತ್ತು. ಎಲ್ಲರ ಮುನ್ನೂರು, ನಾನೂರು ಸೇರಿದರೆ ಎಷ್ಟಾಗುತ್ತದೆ ಅಂತಲೂ ಗೊತ್ತು. ಹಾಗಾಗಿಯೇ ನಿಯಮದಲ್ಲೇ ದಿನ ಬೇಕು, ನಿಯಮದಲ್ಲೇ ದಂಡ ಬೇಕು.

ಮತ್ತೊಮ್ಮೆ ಕೇಳುತ್ತೇನೆ. ಹೋದ ಖಾತೆಗೇ ರೀಫಂಡ್ ಬರಲಿ. ಏಳು ದಿನ ಅನ್ನಿ, ಹತ್ತು ದಿನ ಅನ್ನಿ, ಏನಾದರೂ ಒಂದು ಅಂಕಿ ಬರೆಯಿರಿ. ತಡವಾದರೆ ಬ್ಯಾಂಕಿನಂತೆ ದಿನಕ್ಕೆ 100 ರೂಪಾಯಿ. ಹೇಳಿದ ತಾರೀಖು ದಾಟಿದ ಕೂಡಲೇ ಕ್ಯಾನ್ಸಲ್ ಬಟನ್ ಕೆಲಸ ಮಾಡಲಿ, ಪಾರ್ಸೆಲ್ ಎಲ್ಲಾದರೂ ಇರಲಿ. ವ್ಯಾಲೆಟ್ ಬೇಕು ಅಂದವನಿಗೆ ಮಾತ್ರ ವ್ಯಾಲೆಟ್.

ನೀವು ಧಾರವಾಡದ ಸಂಸದರು, ಕನ್ನಡದಲ್ಲಿ ಬರೆದರೆ ನೇರವಾಗಿ ಓದುತ್ತೀರಿ ಅನ್ನುವ ಧೈರ್ಯದಿಂದ ಇಷ್ಟು ಉದ್ದ ಬರೆದೆ. ಆರ್ಡರ್ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್, ವ್ಯಾಲೆಟ್‌ನ ಸ್ಕ್ರೀನ್‌ಶಾಟ್, 1915ರ ದೂರಿನ ನಂಬರ್, ಎಲ್ಲ ನನ್ನ ಹತ್ತಿರ ಇವೆ. ನಿಮ್ಮ ಕಚೇರಿ ಕೇಳಿದ ದಿನವೇ ಕಳಿಸುತ್ತೇನೆ. ಉತ್ತರವನ್ನು ದಯವಿಟ್ಟು ಯಂತ್ರದಿಂದ ಕಳಿಸಬೇಡಿ. ‘ನಿಮ್ಮ ಪತ್ರ ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಅನ್ನುವುದೂ ಬೇಡ. ಯಾವ ತಾರೀಖಿನೊಳಗೆ ನಿಯಮಕ್ಕೆ ತಿದ್ದುಪಡಿ ತರುತ್ತೀರಿ, ಅದೊಂದನ್ನು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರಿನ ಒಬ್ಬ ಗ್ರಾಹಕ